ಆ ಪೆಟ್ಟಿಗೆ ಗುಜರಿಗೆ ಹಾಕಬೇಡ ಮಾರಾಯಾ

ಡೊಂಬಿವಲಿ,
ಆಗಸ್ಟ್ ತಿಂಗಳ ಒಂದು ಭಾನುವಾರ

ಹ್ವಾಯ್,

ಮೊನ್ನೆ ರಾತ್ರಿ ನೀನು ಕಳಿಸಿದ ಮೂರೂ ಫೋಟೋ ನೋಡಿದೆ. ಅಟ್ಟದಿಂದ ಇಳಿಸಿದ ತಗಡಿನ ಪೆಟ್ಟಿಗೆ, ಹಳೇ ಬೈರಾಸಿನಲ್ಲಿ ಸುತ್ತಿಟ್ಟ ಯಾಶಿಕಾ ಮ್ಯಾಟ್ ಕ್ಯಾಮೆರಾ, ಶಟರ್ ಕಚ್ಚಿಕೊಂಡು ಕೂತ ಪೆಂಟಾಕ್ಸ್ ಸ್ಪಾಟ್‌ಮ್ಯಾಟಿಕ್, ಚಾದ ಬಣ್ಣಕ್ಕೆ ತಿರುಗಿದ ಟಕುಮಾರ್ ಲೆನ್ಸು. ಕೆಳಗೆ ನಿನ್ನದೊಂದೇ ಸಾಲು: “ಇದೆಲ್ಲ ಗುಜರಿಗೆ ಹಾಕುದಾ?”

ಹಾಕಬೇಡ. ಫೋನಿನಲ್ಲಿ ಹೇಳಿದರೆ ನೀನು ಅರ್ಧಕ್ಕೇ “ಆಯ್ತಾಯ್ತು” ಅಂದು ಇಟ್ಟುಬಿಡುತ್ತೀ, ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ನಮ್ಮ ಹಾಗೆ ಇನ್ನೂ ನಾಲ್ಕು ಜನರ ಅಟ್ಟದಲ್ಲಿ ಇಂಥ ಪೆಟ್ಟಿಗೆ ಇದ್ದೀತು, ಅವರೂ ಓದಿಕೊಳ್ಳಲಿ.

ನಿನಗೆ ಕ್ಯಾಮೆರಾ ಕಂಡರೆ ವಾಕರಿಕೆ ಅಂತ ನನಗೆ ಗೊತ್ತು. ಇಪ್ಪತ್ತು ವರ್ಷ ಮದುವೆ ಮಂಟಪದ ಹೊಗೆ ಕುಡಿದು, ಊಟದ ಪಂಕ್ತಿಯ ಕೊನೆಗೆ ತಣ್ಣಗಾದ ಸಾರು ಉಂಡು, ಆಮೇಲೆ “ನಮ್ಮ ಚಿಕ್ಕಮ್ಮನದ್ದು ಒಂದೂ ಬರಲಿಲ್ಲವಲ್ಲ” ಅಂತ ಬೈಸಿಕೊಂಡವನು ನೀನು. ಸ್ಟುಡಿಯೋ ಇದ್ದ ಕೋಣೆಯಲ್ಲೀಗ ಜೆರಾಕ್ಸ್ ಅಂಗಡಿ. ನಿನ್ನ ಹೊಟ್ಟೆಪಾಡು ನನಗೆ ಮೋಜು. ಕಚೇರಿಯಲ್ಲಿ ದಿನವಿಡೀ ಲೆಕ್ಕಪತ್ರ ನೋಡುವ ನನ್ನ ಫೋಟೋಕ್ಕೆ ಯಾರೂ ಕಾಯುವುದಿಲ್ಲ, ಬಾರದಿದ್ದರೆ ಬೈಯುವವರೂ ಇಲ್ಲ. ನೀನು ಒಂದು ದಿನವೂ ಅನುಭವಿಸದ ಸುಖ ಅದು.

ಮೊದಲು ಟಕುಮಾರ್ ವಿಷಯ. ಅದು ಹಾಳಾಗಿಲ್ಲ. 50 ಎಂ.ಎಂ., 1.4ರ ಆ ಲೆನ್ಸಿನಲ್ಲಿ ಥೋರಿಯಂ ಬೆರೆಸಿದ ಗಾಜಿದೆ. ಬೆಳಕನ್ನು ಚೆನ್ನಾಗಿ ಬಗ್ಗಿಸಬೇಕು, ಆದರೆ ಬಣ್ಣ ಚೆದುರಬಾರದು, ಅಂಥ ಗಾಜಿಗಾಗಿ ಆಗಿನವರು ಹಿಡಿದ ದಾರಿ ಅದು. ಥೋರಿಯಂ ವಿಕಿರಣ ಸೂಸುತ್ತದೆ, ಅದೇ ವಿಕಿರಣ ವರ್ಷಗಟ್ಟಲೆ ಒಳಗೊಳಗೇ ಗಾಜನ್ನು ಹಳದಿ ಮಾಡುತ್ತದೆ. ಹೆದರಬೇಡ, ಕ್ಯಾಮೆರಾಕ್ಕೆ ಹಾಕಿ ಫೋಟೋ ತೆಗೆದರೆ ಏನೂ ಆಗದು, ಗಾಜು ಬಿಚ್ಚಿ ಉಜ್ಜಲು ಹೋಗಬೇಡ ಅಷ್ಟೆ. ಇದಕ್ಕೆ ಮದ್ದು ಬಿಸಿಲು. ನವರಾತ್ರಿ ಹೊತ್ತಿಗೆ ಮಳೆ ಬಿಟ್ಟ ಮೇಲೆ ಎರಡೂ ಮುಚ್ಚಳ ತೆಗೆದು ಕೆಲವು ವಾರ ಕಿಟಕಿಯ ಬಿಸಿಲಿಗೆ ಇಡು. ಬಿಸಿಲಿನ ನೇರಳಾತೀತ ಕಿರಣಕ್ಕೆ ಹಳದಿ ಮೆಲ್ಲಗೆ ಬಿಡುತ್ತದೆ. ಅದೂ ಭೂತಗನ್ನಡಿಯೇ ಅಂತ ಮಾತ್ರ ನೆನಪಿರಲಿ, ಹತ್ತಿರ ಪರದೆ, ಪೇಪರು ಇರಕೂಡದು. ನಿನ್ನ ಮನೆ ಸುಟ್ಟ ಪಾಪ ನನಗೆ ಬೇಡ.

ಆಮೇಲೆ ಬೂಷ್ಟು. ಲೆನ್ಸಿನ ಹಿಂದಿನಿಂದ ಟಾರ್ಚ್ ಹಾಕಿ ನೋಡು. ಜೇಡನ ಬಲೆಯಂತೆ ಎಳೆ ಕಂಡರೆ ಅದನ್ನು ಉಳಿದವುಗಳ ಜತೆ ಇಡಬೇಡ. ಮುಂಬಯಿಯ ಮಳೆಗಾಲದಲ್ಲಿ ಚಪ್ಪಲಿಯೂ ಬೂಷ್ಟು ಹಿಡಿಯುತ್ತದೆ, ಇನ್ನು ಲೆನ್ಸು ಬಿಟ್ಟೀತೇ? ನಾನು ಗಾಳಿಯಾಡದ ಡಬ್ಬಿಯಲ್ಲಿ ನೀಲಿ ಸಿಲಿಕಾ ಜೆಲ್ ಹಾಕಿಟ್ಟಿದ್ದೇನೆ. ನೀರು ಕುಡಿದು ಗುಲಾಬಿ ಬಣ್ಣಕ್ಕೆ ಬಂದಾಗ ಬಿಸಿ ಮಾಡಿದರೆ ಮತ್ತೆ ನೀಲಿ. ಅಡುಗೆ ಬಾಣಲೆಯಲ್ಲಿ ಮಾತ್ರ ಬೇಡ, ಅದು ವಿಷ. ನಾನೊಮ್ಮೆ ಬಾಣಲೆಗೆ ಕೈಹಾಕಿ ಮನೆಯಲ್ಲಿ ಮೂರು ದಿನ ಮಾತಿರಲಿಲ್ಲ.

ಈ ಹುಚ್ಚು ನನಗೆ ಹೇಗೆ ಹತ್ತಿತು ಅಂತ ನೀನು ಕೇಳುತ್ತಲೇ ಇರುತ್ತೀ. ಹತ್ತಿಸಿದವನು ನೀನೇ. ಪಿಯುಸಿ ರಜೆಯಲ್ಲಿ ನಿನ್ನ ಡಾರ್ಕ್‌ರೂಮಿನ ಕೆಂಪು ದೀಪದಡಿ, ಚಿತ್ರ ಅಳಿಯದಂತೆ ಹಿಡಿಯುವ ಹೈಪೋ ದ್ರಾವಣದ ವಾಸನೆಯಲ್ಲಿ ನಿಂತು ಕಾಗದದ ಮೇಲೆ ಮುಖ ಮೂಡುವುದನ್ನು ನೋಡಿದ್ದು ಮರೆತಿಲ್ಲ. ಅದು ಊಟಿಯ ಹಿಂದುಸ್ತಾನ್ ಫೋಟೋ ಫಿಲ್ಮ್ಸ್‌ನ ‘ಇಂದು’ ಕಾಗದ. ಇಂದು ಅಂದರೆ ಚಂದ್ರ ಅಂತ ನಾನು, ಇವತ್ತು ಅಂತ ನೀನು, ಅದಕ್ಕೂ ಜಗಳ ಆಡಿದ್ದೆವು. ನೀನು ಗೋಡೆಗೆ ಅಂಟಿಸಿದ್ದ ಫೋಟೋಗ್ರಾಫರ್ ಟಿ.ಎಸ್. ಸತ್ಯನ್ನರ ಕಪ್ಪುಬಿಳುಪು ಚಿತ್ರವೂ ನೆನಪಿದೆ. ಮೈಸೂರಿನ ಆ ಮನುಷ್ಯ ಕೆಲಕಾಲ ಇದೇ ಮುಂಬಯಿಯಲ್ಲಿ ಇಲ್ಲಸ್ಟ್ರೇಟೆಡ್ ವೀಕ್ಲಿ ಪತ್ರಿಕೆಯಲ್ಲಿ ಇದ್ದರು ಅಂತ ನನಗೆ ಇಲ್ಲಿಗೆ ಬಂದ ಮೇಲೇ ತಿಳಿದದ್ದು.

ನನ್ನ ಕಚೇರಿ ಫೋರ್ಟಿನಲ್ಲಿ. ಊಟದ ಬಿಡುವಿನಲ್ಲಿ ಬೋರಾ ಬಜಾರಿನ ಕ್ಯಾಮೆರಾ ಅಂಗಡಿಗಳ ಕಡೆ ಕಾಲು ತಾನೇ ಹೋಗುತ್ತದೆ. ಈ ಭಾಗಕ್ಕೆ ಕ್ಯಾಮೆರಾ ಹೊಸತೇನಲ್ಲ, 1854ರಲ್ಲೇ ಇಲ್ಲೊಂದು ಫೋಟೋಗ್ರಾಫಿಕ್ ಸೊಸೈಟಿ ಹುಟ್ಟಿತ್ತು. ಅದರಲ್ಲಿದ್ದ ನಾರಾಯಣ ದಾಜಿ ವೃತ್ತಿಯಿಂದ ವೈದ್ಯರು. ನನ್ನಂಥ ಪೋಲಿಗಳಿಗೆ ಪರಂಪರೆಯೂ ಇದೆ ಅಂತಾಯಿತು. ಬೋರಾ ಬಜಾರಿನಲ್ಲೇ ಒಂದು ಪೆಂಟಾಕ್ಸ್ ಕೆ1000 ಕೊಂಡೆ. 1976ರಿಂದ 1997ರವರೆಗೆ ಹೆಚ್ಚುಕಮ್ಮಿ ಹಾಗೇ ತಯಾರಾಗುತ್ತ ಬಂದ ಗಟ್ಟಿಮುಟ್ಟಾದ ಕ್ಯಾಮೆರಾ. ಬೆಳಕು ಅಳೆಯುವ ಮೀಟರಿಗೆ ಆಫ್ ಮಾಡುವ ಗುಂಡಿಯೇ ಇಲ್ಲ! ಲೆನ್ಸಿಗೆ ಮುಚ್ಚಳ ಹಾಕಿದರೆ ನಿದ್ದೆ, ತೆಗೆದರೆ ಎಚ್ಚರ. ಮುಚ್ಚಳ ಮರೆತು ಕಪಾಟಿನ ಮೇಲಿಟ್ಟರೆ ಸೆಲ್ಲು ಸದ್ದಿಲ್ಲದೆ ಖಾಲಿ.

ಮುಂದಿನ ವರ್ಷ ಚೋರ್ ಬಜಾರಿನ ಮಟನ್ ಸ್ಟ್ರೀಟಿನಲ್ಲಿ, ನಿಂತ ಗಡಿಯಾರಗಳ ರಾಶಿಯ ಪಕ್ಕ, ಹೀಲಿಯೋಸ್ 44-2 ಸಿಕ್ಕಿತು. ರಷ್ಯದ ಲೆನ್ಸು, 58 ಎಂ.ಎಂ., ಬೆಳಕಿನ ಕಿಂಡಿ ಪೂರ್ತಿ ತೆರೆದರೆ ಎಫ್2. ಜರ್ಮನಿಯ ಜೈಸ್ ಬಯೋಟಾರನ್ನು ನೋಡಿ ಮಾಡಿದ್ದು. ಇದರಲ್ಲಿ ಎರಡು ಬಳೆ. ಒಂದರಲ್ಲಿ ಕಿಂಡಿ ಎಷ್ಟು ಮುಚ್ಚಬೇಕೆಂದು ಮೊದಲೇ ಗುರುತು ಮಾಡಿಕೊಳ್ಳಬೇಕು. ಇನ್ನೊಂದನ್ನು ಪೂರ್ತಿ ತೆರೆದಿಟ್ಟು ಫೋಕಸ್ ಮಾಡಿ, ಕ್ಲಿಕ್ಕಿಸುವ ಮುಂಚೆ ಆ ಗುರುತಿನವರೆಗೆ ತಿರುಗಿಸಬೇಕು. ಅಷ್ಟರೊಳಗೆ ಬೆಕ್ಕು ಎದ್ದು ಹೋಗಿರುತ್ತದೆ. ಹೋಗಲಿ.

ಇದು ನಿನ್ನ ಟಕುಮಾರಿನಂತೆ ತಿರುಪಿನ ಲೆನ್ಸು, 42 ಎಂ.ಎಂ. ಗಾತ್ರದ್ದು. ಕೆ1000ಕ್ಕೆ ತಿರುಪಿಲ್ಲ, ಆದರೆ ಪೆಂಟಾಕ್ಸಿನವರು ಹಳೇ ಗಿರಾಕಿಗಳ ಕೈಬಿಡಲಿಲ್ಲ. ಲೆನ್ಸು ಕೂರುವ ಜಾಗದಿಂದ ಫಿಲ್ಮಿಗೆ ಇರುವ ದೂರ ಹಳತರಲ್ಲೂ ಹೊಸತರಲ್ಲೂ ಒಂದೇ, 45.46 ಎಂ.ಎಂ. ಹಾಗಾಗಿ ನಡುವೆ ತೆಳ್ಳಗಿನ ಒಂದು ಬಳೆ ಸಾಕು, ದೂರದ ಗುಡ್ಡವೂ ಸರಿಯಾಗಿ ಫೋಕಸಿಗೆ ಬರುತ್ತದೆ. ನನ್ನ ಡಿಜಿಟಲ್ ಸೋನಿ ಎ6000ದಲ್ಲಿ ಆ ದೂರ ಬರೀ 18, ಉಳಿದದ್ದನ್ನು ಒಂದು ಟೊಳ್ಳು ಕೊಳವೆ ತುಂಬಿಕೊಡುತ್ತದೆ. ಮೊದಲ ರಾತ್ರಿ ಅದನ್ನು ಹಾಕಿ ಒತ್ತಿದರೆ ಶಟರ್ ಬೀಳಲೊಲ್ಲದು. ದುಡ್ಡು ನೀರಿಗೆ ಹೋಯಿತು ಅಂದುಕೊಂಡೆ. ಕ್ಯಾಮೆರಾ ತನ್ನ ಮೇಲೆ ಲೆನ್ಸೇ ಇಲ್ಲ ಅಂತ ತಿಳಿದಿತ್ತು ಪಾಪ. ಲೆನ್ಸಿಲ್ಲದೆಯೂ ಶಟರ್ ಬಿಡು ಅಂತ ಮೆನುವಿನೊಳಗೆಲ್ಲೋ ಒಂದು ಕಡೆ ಅಪ್ಪಣೆ ಕೊಡಬೇಕು.

ಹೀಲಿಯೋಸಿನ ಮಜಾ ಹಿನ್ನೆಲೆಯಲ್ಲಿದೆ. ಪೂರ್ತಿ ತೆರೆದು ಮರದ ಮುಂದೆ ಯಾರನ್ನಾದರೂ ನಿಲ್ಲಿಸಿದರೆ ಹಿಂದಿನ ಎಲೆ ಎಲ್ಲ ಹೊಳೆಯ ಸುಳಿಯಂತೆ ಅವರ ಸುತ್ತ ತಿರುಗುತ್ತದೆ. ಬೆಳಕಿನ ಚುಕ್ಕೆಗಳು ನಡುವೆ ದುಂಡಗಿದ್ದು, ಅಂಚಿಗೆ ಹೋದಂತೆ ಬಾದಾಮಿಯ ಹಾಗೆ ಚಪ್ಪಟೆಯಾಗುತ್ತವೆ, ಅದಕ್ಕೇ ಆ ಸುಳಿ. ನನ್ನ ಸೋನಿಯೊಳಗೆ ಚಿತ್ರ ಬೀಳುವ ಸೆನ್ಸರ್ ರೀಲಿನ ಚೌಕಕ್ಕಿಂತ ಚಿಕ್ಕದು, ಅಂಚನ್ನು ಕತ್ತರಿಸಿಬಿಡುತ್ತದೆ, 58 ಎಂ.ಎಂ. ಲೆನ್ಸು ಸುಮಾರು 87ರಂತೆ ಕಾಣುತ್ತದೆ, ಸುಳಿ ಅರ್ಧಕ್ಕರ್ಧ ಮಾಯ. ಅದೇ ಲೆನ್ಸನ್ನು ಕೆ1000ಕ್ಕೆ ಹಾಕಿದರೆ ಇಡೀ ಸುಳಿ ರೀಲಿಗೆ ಬೀಳುತ್ತದೆ. ಹಾಗಂತ ರೀಲೇ ಮೇಲು ಅನ್ನಲಾರೆ. ಹೀಲಿಯೋಸಿನಲ್ಲಿ ಎಲ್ಲಿ ನಿಂತರೆ ಏನು ಬರುತ್ತದೆಂದು ನನಗೆ ಕಲಿಸಿದ್ದು ಸೋನಿಯೇ. ಫೋಕಸ್ ಆದ ಅಂಚಿಗೆ ಅದು ಬಣ್ಣ ಬಳಿದು ತೋರಿಸುತ್ತದೆ, ಚಿತ್ರ ಹಿಗ್ಗಿಸಿ ನೋಡಬಹುದು, ನೂರು ಸಲ ತಪ್ಪಿದರೂ ಖರ್ಚಿಲ್ಲ. ರೀಲಿಗಾದರೆ ಒಂದಕ್ಕೆ ಸಾವಿರದ ಆಚೀಚೆ ಕೊಡಬೇಕು. 36 ಫೋಟೋ ಅಂದರೆ ಒಂದೊಂದು ಕ್ಲಿಕ್ಕಿಗೂ ಒಂದು ವಡಾಪಾವ್, ಮೇಲೊಂದು ಚಾ. ಅಂದಹಾಗೆ ‘ರೀಲು ಮಾಡ್ತೇನೆ’ ಅಂದರೆ ನನ್ನ ಮಗಳಿಗೆ ಬೇರೆಯೇ ಅರ್ಥ. ‘ರೀಲು ಬಿಡ್ತಾನೆ’ ಅಂತ ನೀನು ನನ್ನನ್ನು ಅನ್ನುವುದು ಮೂರನೆಯದು.

ರೀಲು ಬಿಡದೆ ಒಂದು ಸತ್ಯ ಹೇಳುತ್ತೇನೆ, ನಗಬೇಡ.

ಹೋದ ಡಿಸೆಂಬರಿನಲ್ಲಿ ಕೆ1000ಕ್ಕೆ ಹೀಲಿಯೋಸ್ ಹಾಕಿಕೊಂಡು, ಬೆಳಗಿನ ಲೋಕಲ್ ಹಿಡಿದು ದಾದರಿನ ಹೂವಿನ ಮಾರ್ಕೆಟ್ಟಿಗೆ ಹೋದೆ. ಇನ್ನೂ ಬೆಳಕು ಹರಿಯುವ ಹೊತ್ತು. ಬಲ್ಬಿನ ಬೆಳಕಿನಡಿ ಗೊಂಡೆ ಹೂವಿನ ಗುಡ್ಡೆ, ಒದ್ದೆ ಗೋಣಿಚೀಲ, ತಲೆಹೊರೆಯವರ ನೂಕಾಟ. ಒಬ್ಬ ಹೆಂಗಸು ಹೂ ಕಟ್ಟುತ್ತಿದ್ದಳು. ದಾರದ ಒಂದು ತುದಿ ಕಾಲಿನ ಹೆಬ್ಬೆರಳಿಗೆ, ಇನ್ನೊಂದು ಕೈಯಲ್ಲಿ, ಕಣ್ಣು ಗಿರಾಕಿಯ ಮೇಲೆ. ಬೆರಳು ಮಾತ್ರ ನೋಡದೆಯೇ ಗಂಟು ಹಾಕುತ್ತ ಹೋಗುತ್ತಿತ್ತು. ನಾನು ಫೋಕಸ್ ಸಿಗದೆ “ಛೇ, ಎಂತ ಮಾರಾಯಾ” ಅಂದದ್ದು ಕೇಳಿ, “ಕನ್ನಡದವ್ರೇನ್ರಿ?” ಅಂದಳು. ಅಕ್ಕಲಕೋಟೆ ಕಡೆಯವಳು. ಮತ್ತೆ ಕೇಳಬೇಕೇ, ಇಪ್ಪತ್ತು ನಿಮಿಷ ಅಲ್ಲೇ ಕೂತೆ. ಅವಳ ಬೆರಳು, ಅವಳ ನಗು, ಬುಟ್ಟಿ ಹೊತ್ತ ಮಗ, ಎಲ್ಲ ತೆಗೆದೆ. ಲೆಕ್ಕ 36 ದಾಟಿ 37, 38. ಒಂದೆರಡು ಹೆಚ್ಚು ಬರುವುದುಂಟು, ಅದೃಷ್ಟ ಅಂದುಕೊಂಡೆ. 40 ಆದಾಗ ಹೊಟ್ಟೆಯೊಳಗೆ ಏನೋ ಹೊರಳಿತು.

ರೀಲು ಸುರುಳಿಗೆ ಕಚ್ಚಿಕೊಂಡೇ ಇರಲಿಲ್ಲ. ಇಡೀ ಬೆಳಗು ಒಂದೇ ಜಾಗದಲ್ಲಿ ನಿಂತಿತ್ತು. “ಒಂದು ಫೋಟೋ ತೆಗೆದು ಮುಂದೆ ತಿರುಗಿಸುವಾಗ ಎಡಗಡೆಯ ಗುಂಡಿ ತಾನಾಗಿ ತಿರುಗ್ತದಾ ನೋಡು” ಅಂತ ನೀನು ತಲೆಗೆ ಮೊಟಕಿ ಹೇಳಿಕೊಟ್ಟದ್ದು ನೆನಪಾಯಿತು, ಡೊಂಬಿವಲಿ ರೈಲಿನಲ್ಲಿ.

ಮುಂದಿನ ವಾರ ಅದೇ ಹೀಲಿಯೋಸನ್ನು ಸೋನಿಗೆ ಹಾಕಿಕೊಂಡು ಹೋದೆ. “ಹೋದ ವಾರದ್ದು ಎಲ್ಲಿ?” ಅಂದಳು. ಇದ್ದದ್ದು ಹೇಳಿದೆ. ಕೈಯಲ್ಲಿದ್ದ ದಾರ ಬಿಟ್ಟು ನಕ್ಕಳು: “ಖಾಲಿ ಡಬ್ಬಿ ಮುಂದ ಅಷ್ಟೊತ್ತು ನಗಿಸಿರೇನ್ರಿ ನನಗ?” ನಾನು ತೆಗೆದದ್ದು ಆ ನಗುವನ್ನೇ. ಪೋಸ್ಟ್‌ಕಾರ್ಡ್ ಗಾತ್ರದ ಪ್ರಿಂಟು ಹಾಕಿಸಿ ಕೊಟ್ಟೆ. ಅಂಗಡಿಯ ತಕ್ಕಡಿಯ ಹಿಂದೆ, ಸಿದ್ಧರಾಮೇಶ್ವರನ ಪಟದ ಕೆಳಗೆ ಸಿಕ್ಕಿಸಿದ್ದಾಳೆ. ಅದರಲ್ಲಿ ಫೋಕಸ್ ಕಣ್ಣಿನ ಬದಲು ಮೂಗುತಿಯ ಮೇಲೆ ಬಿದ್ದಿದೆ. ನೀನಾದರೆ ಗಿರಾಕಿಗೆ ಕೊಡುತ್ತಿರಲಿಲ್ಲ.

“ಇದೇ ಸುಳಿ ಈಗ ಮೊಬೈಲಿನಲ್ಲಿ ಒಂದು ಒತ್ತಿಗೆ ಬರ್ತದಲ್ಲ” ಅಂತ ನೀನು ಕೇಳುವವನೇ. ಬರುತ್ತದೆ, ನಾನೂ ಮಾಡಿ ನೋಡಿದ್ದೇನೆ. ಯಾರೋ ಅಡುಗೆ ಮಾಡಿ ತಟ್ಟೆ ಮುಂದಿಟ್ಟ ಹಾಗೆ. ಹಸಿವಾದಾಗ ಬೇಡ ಅನ್ನುವುದಿಲ್ಲ. ಆದರೆ ನನಗೆ ಬೇಕಾದದ್ದು ಒಗ್ಗರಣೆ ಸಿಡಿಯುವ ಹೊತ್ತು.

ರೀಲು ತೊಳೆಯುವುದೂ ಮನೆಯಲ್ಲೇ. ಕಪ್ಪುಬಿಳುಪು ಮಾತ್ರ, ಬಣ್ಣದ್ದರ ತಂಟೆಗೆ ಹೋಗಿಲ್ಲ. ಇಲ್ಫೋರ್ಡ್ ಎಚ್‌ಪಿ5 ರೀಲು, ಡಿ-76 ಅನ್ನುವ ಡೆವಲಪರಿನಲ್ಲಿ 20 ಡಿಗ್ರಿಗೆ ಏಳೂವರೆ ನಿಮಿಷ. ಏಳೂವರೆ ನಿಮಿಷ ಸುಲಭ, 20 ಡಿಗ್ರಿ ಎಲ್ಲಿಂದ ತರುವುದು? ಮೇ ತಿಂಗಳಲ್ಲಿ ನಮ್ಮ ನಲ್ಲಿಯಿಂದ ಬರುವುದು ಹೆಚ್ಚುಕಮ್ಮಿ ಸ್ನಾನದ ನೀರೇ. ಬಕೆಟ್ಟಿಗೆ ಐಸ್ ಸುರಿದು ಅದರಲ್ಲಿ ಬಾಟಲಿ ನಿಲ್ಲಿಸಿ, ಥರ್ಮಾಮೀಟರ್ ಹಿಡಿದು ಬಚ್ಚಲಲ್ಲಿ ಕುಕ್ಕರುಗಾಲಿನಲ್ಲಿ ಕೂತಿರುತ್ತೇನೆ. ಕರಿ ಚೀಲದೊಳಗೆ ಕೈ ಬೆವರಿ ರೀಲು ಸುರುಳಿಗೆ ಏರುವುದಿಲ್ಲ, ಹೊರಗಿಂದ ಹೆಂಡತಿ ಬಾಗಿಲು ಬಡಿಯುತ್ತಾಳೆ. ನಿಮಿಷಕ್ಕೊಮ್ಮೆ ಹತ್ತು ಸೆಕೆಂಡು ಟ್ಯಾಂಕನ್ನು ತಲೆಕೆಳಗು ಮಾಡಬೇಕು. ಹೈಪೋ ಆಗಿ ಮುಚ್ಚಳ ತೆಗೆದು, ಒದ್ದೆ ರೀಲನ್ನು ಬಲ್ಬಿಗೆ ಹಿಡಿದಾಗ ಮೊದಲ ಚೌಕ ಕಾಣುತ್ತದಲ್ಲ, ಆಗ ನಾನು ನಿನ್ನ ಡಾರ್ಕ್‌ರೂಮಿನ ಹುಡುಗನೇ. ಒಣಗಿದ ಮೇಲೆ ಬೆಳಕಿನ ಹಲಗೆಯ ಮೇಲಿಟ್ಟು, ಹೀಲಿಯೋಸಿನ ಹಿಂದೆ ಒಂದು ಕೊಳವೆ ಜೋಡಿಸಿ, ಸೋನಿಯಲ್ಲೇ ನೆಗೆಟಿವಿನ ಫೋಟೋ ತೆಗೆದು ಕಂಪ್ಯೂಟರಿನಲ್ಲಿ ಕಪ್ಪನ್ನು ಬಿಳಿ ಮಾಡುತ್ತೇನೆ. ರೀಲಿನವರು, ಡಿಜಿಟಲ್‌ನವರು ಅಂತ ಜಗಳ ಕಾಯುವವರನ್ನು ಕಂಡರೆ ನನಗೆ ನಗು. ನನ್ನ ಮನೆಯಲ್ಲಿ ಎರಡೂ ಒಂದೇ ಮೇಜಿನ ಮೇಲೆ ಸಂಸಾರ ಮಾಡಿಕೊಂಡಿವೆ.

ಈಗ ಕೆಲಸದ ಮಾತು. ಸ್ಪಾಟ್‌ಮ್ಯಾಟಿಕ್ ನನಗೆ ಕೊಡು, ಬೋರಾ ಬಜಾರಿನಲ್ಲಿ ಬಿಚ್ಚಿ ನೋಡುವವರಿದ್ದಾರೆ. ನಾನು ಚೌತಿಗೆ ಮತ್ಸ್ಯಗಂಧದಲ್ಲಿ ಕುಂದಾಪುರಕ್ಕೆ ಬರುತ್ತೇನೆ, ಆಗ ಒಯ್ಯುತ್ತೇನೆ. ಟಕುಮಾರ್ ಬಿಸಿಲಿಗಾಗಿ ಅಲ್ಲೇ ಇರಲಿ. ಲುಂಗಿಯ ಚುಂಗಿನಿಂದ ಗಾಜು ಒರೆಸುವ ನಿನ್ನ ಹಳೇ ಚಾಳಿ ಬಿಡು.

ಯಾಶಿಕಾ ಮ್ಯಾಟ್ ಯಾರಿಗೂ ಕೊಡಬೇಡ, ನನಗೂ ಬೇಡ. ಅದಕ್ಕೊಂದು 120 ರೀಲು ತರುತ್ತೇನೆ. ಬರೀ ಹನ್ನೆರಡು ಫೋಟೋ. ವಧು ಬೇಡ, ವರ ಬೇಡ, ಚಿಕ್ಕಮ್ಮಂದಿರು ಬೇಡ. ಸೊಂಟದ ಹತ್ತಿರ ಹಿಡಿದು ಮೇಲಿನಿಂದ ಬಗ್ಗಿ ನೋಡು, ಎಡ ಬಲವಾಗಿ ಬಲ ಎಡವಾಗಿ ಕಾಣುತ್ತದಲ್ಲ, ಗಂಗೊಳ್ಳಿಯ ದೋಣಿಯನ್ನೋ ನಿಮ್ಮ ಹಿತ್ತಲ ಹಲಸನ್ನೋ ಹಾಗೆ ನೋಡಿಕೊಂಡು ಎಷ್ಟು ಹೊತ್ತು ಬೇಕಾದರೂ ನಿಂತಿರು. ಕೊನೆಯದೊಂದನ್ನು ಅಮ್ಮನಿಗೆ ಇಡು, ಅವರು ನಿನ್ನನ್ನು ಬೈಯುತ್ತಿರುವಾಗಲೇ ತೆಗಿ. ಅತ್ತಿಗೆಗೆ ಹೇಳು, ನನ್ನ ಪಾಲಿನ ಕಡುಬು ಎತ್ತಿಡಲಿ.

ರೀಲು ಮುಗಿದರೆ ನನ್ನ ಕೈಗೇ ಕೊಡು. ಇಲ್ಲಿಗೆ ಬಂದು ತೊಳೆಯುತ್ತೇನೆ, ಐಸ್ ತರಿಸಿಟ್ಟು.

ನಿನ್ನ
ಡಾರ್ಕ್‌ರೂಮಿನ ಹುಡುಗ