‘ತೀರ್ಪು’ ಎಂದು ಬರೆಯುವ ಮುನ್ನ

ಪ್ರಿಯ ತಮ್ಮ,

ನೀನು ಕಳಿಸಿದ ಕೋರ್ಟು ವರದಿಯಲ್ಲಿ ‘ತೀರ್ಪು’ ಒಂಬತ್ತು ಸಲ ಬಂದಿದೆ. ಎರಡು ಕಡೆ ಸರಿ, ಉಳಿದ ಏಳು ಕಡೆ ಬೇರೆ ಪದ ಬೇಕು.

‘ತೀರ್ಪು’ ಬಂದದ್ದು ‘ತೀರು’ ಎಂಬುದರಿಂದ. ಸಾಲ ತೀರಿತು, ದಣಿವು ತೀರಿತು ಎನ್ನುವಾಗಿನ ಅದೇ ತೀರು. ಆ ನ್ಯಾಯಾಲಯದ ಮಟ್ಟಿಗೆ ವ್ಯಾಜ್ಯ ಮುಗಿದಾಗಲೇ ಅದು ತೀರ್ಪು. ಜಾಮೀನು ಕೊಟ್ಟದ್ದು, ತಡೆ ನೀಡಿದ್ದು, ದಾಖಲೆ ತರಿಸಿದ್ದು ಇವೆಲ್ಲ ಆದೇಶ. ವಿಚಾರಣೆಯ ನಡುವೆ ನ್ಯಾಯಮೂರ್ತಿಗಳು ಖಾರವಾಗಿ ಆಡಿದ ಮಾತು ಆದೇಶವೂ ಅಲ್ಲ, ಬರೀ ಮೌಖಿಕ ಅಭಿಪ್ರಾಯ. ಲಿಖಿತ ಆದೇಶದಲ್ಲಿ ಅದು ಇಲ್ಲದಿದ್ದರೆ ಯಾರನ್ನೂ ಕಟ್ಟಿಹಾಕುವುದಿಲ್ಲ. ಊರಿನಲ್ಲಿ ಜನ ಗುಂಪುಗೂಡದಂತೆ ಹೊರಡಿಸುವ ನಿಷೇಧಾಜ್ಞೆಯನ್ನಂತೂ ಕೋರ್ಟಿಗೆ ಅಂಟಿಸಬೇಡ. ಅದು ಪೊಲೀಸ್ ಕಮಿಷನರ್ ಅಥವಾ ಜಿಲ್ಲಾಧಿಕಾರಿಯಂಥ ಆಡಳಿತದವರ ಆಜ್ಞೆ.

ಈ ಪದಗಳ ತೂಕ ತಿಳಿಯಲು ಕಾವೇರಿಗಿಂತ ಒಳ್ಳೆಯ ಪಾಠವಿಲ್ಲ. 1991ರ ಜೂನ್ 25ರಂದು ಕಾವೇರಿ ಜಲವಿವಾದ ನ್ಯಾಯಮಂಡಳಿ ಕೊಟ್ಟದ್ದು ಮಧ್ಯಂತರ ಆದೇಶ: ವರ್ಷಕ್ಕೆ 205 ಟಿಎಂಸಿ ಅಡಿ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ) ನೀರು ತಮಿಳುನಾಡಿನ ಮೆಟ್ಟೂರು ಜಲಾಶಯ ತಲುಪಬೇಕು. ಅದಕ್ಕೆದುರಾಗಿ ಕರ್ನಾಟಕ ಹೊರಡಿಸಿದ್ದು ಸುಗ್ರೀವಾಜ್ಞೆ. ಅದು ಸಿಂಧುವೇ ಎಂದು ಸಂವಿಧಾನದ 143ನೇ ವಿಧಿಯಡಿ ರಾಷ್ಟ್ರಪತಿ ಕೇಳಿದಾಗ ಸುಪ್ರೀಂ ಕೋರ್ಟ್ ಹೇಳಿದ್ದು ಅಭಿಪ್ರಾಯ. 2007ರ ಫೆಬ್ರುವರಿ 5ರಂದು ನ್ಯಾಯಮಂಡಳಿ ಕೊಟ್ಟದ್ದು ಐತೀರ್ಪು. ಮಂಡಳಿ ಅಥವಾ ಪಂಚರು ಹಂಚಿಕೆ ಮಾಡಿ ಹೇಳುವ ಮಾತಿಗೆ ಕನ್ನಡದಲ್ಲಿ ಈ ಪ್ರತ್ಯೇಕ ಪದವೇ ಇದೆ, ಅದನ್ನು ಕಳೆದುಕೊಳ್ಳಬಾರದು. ಆ ಐತೀರ್ಪನ್ನು ಕೇಂದ್ರ ಸರ್ಕಾರ 2013ರ ಫೆಬ್ರುವರಿಯಲ್ಲಿ ರಾಜ್ಯಪತ್ರದಲ್ಲಿ ಪ್ರಕಟಿಸಿದ್ದು ಅಧಿಸೂಚನೆ. 2016ರ ಸೆಪ್ಟೆಂಬರ್ 23ರಂದು, ಜಲಾಶಯಗಳಲ್ಲಿರುವ ನೀರು ಕುಡಿಯುವುದಕ್ಕೆ ಮಾತ್ರ ಎಂದು ನಮ್ಮ ವಿಧಾನಮಂಡಲ ಅಂಗೀಕರಿಸಿದ್ದು ನಿರ್ಣಯ. ಕೊನೆಗೆ 2018ರ ಫೆಬ್ರುವರಿ 16ರಂದು ಬಂತು ಸುಪ್ರೀಂ ಕೋರ್ಟಿನ ತೀರ್ಪು. ಐತೀರ್ಪಿನಂತೆ ತಮಿಳುನಾಡಿನ ಗಡಿಯ ಅಳತೆ ಕೇಂದ್ರ ಬಿಳಿಗುಂಡ್ಲುವಿನಲ್ಲಿ ಹರಿಯಬೇಕಾದ 192 ಟಿಎಂಸಿ ಅಡಿ 177.25ಕ್ಕೆ ಇಳಿಯಿತು, ಉಳಿದ 14.75 ಕರ್ನಾಟಕಕ್ಕೆ ಸಿಕ್ಕಿತು. ಈಗ ಮಳೆ ಕೈಕೊಟ್ಟ ವರ್ಷಗಳಲ್ಲಿ ಕಾವೇರಿ ನೀರು ನಿಯಂತ್ರಣ ಸಮಿತಿ ಮಾಡುವುದು ಶಿಫಾರಸು, ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರ ಕೊಡುವುದು ಆದೇಶ. ಇಷ್ಟನ್ನೂ ‘ಕಾವೇರಿ ತೀರ್ಪು’ ಎಂದು ಬರೆದರೆ, ಯಾರು ಹೇಳಿದರು, ಅದನ್ನು ಎಲ್ಲಿ ಪ್ರಶ್ನಿಸಬಹುದು ಎಂಬುದು ಮಂಡ್ಯದ ರೈತನಿಗೆ ತಿಳಿಯುವುದೇ ಇಲ್ಲ.

ಕ್ರಿಮಿನಲ್ ಪ್ರಕರಣಗಳಲ್ಲಿ ಪದ ತಪ್ಪಿದರೆ ಒಬ್ಬ ಮನುಷ್ಯನ ಹೆಸರೇ ಕೆಡುತ್ತದೆ. ವಿಚಾರಣೆ ಮುಗಿಯುವ ತನಕ ಆತ ಆರೋಪಿ, ನ್ಯಾಯಾಲಯ ತಪ್ಪಿತಸ್ಥ ಎಂದ ಮೇಲೆ ಅಪರಾಧಿ. ಸೆಷನ್ಸ್ ನ್ಯಾಯಾಲಯದಲ್ಲಿ ‘ದೋಷಿ’ ಎನ್ನುವುದು ಒಂದು ಹಂತ. ಶಿಕ್ಷೆಯ ಪ್ರಮಾಣದ ಬಗ್ಗೆ ವಾದ ಕೇಳಿ ಶಿಕ್ಷೆ ಪ್ರಕಟಿಸುವುದು ಇನ್ನೊಂದು. ಮೊದಲನೆಯ ದಿನವೇ ‘ಶಿಕ್ಷೆ’ ಎಂದು ಬರೆದುಬಿಡುವುದು ಅವಸರದ ತಪ್ಪು. ಮರಣದಂಡನೆಯಾದರೆ ಹೈಕೋರ್ಟ್ ದೃಢೀಕರಿಸಲೇಬೇಕು, ಅದನ್ನೂ ಬರಿ.

ಎಲ್ಲಕ್ಕಿಂತ ಹೆಚ್ಚು ಕೆಡುವ ಪದ ‘ಬಿಡುಗಡೆ’. ಜಾಮೀನಿನ ಮೇಲೆ ಹೊರಬಂದವನ ಮೊಕದ್ದಮೆ ಹಾಗೇ ಇದೆ. ಆರೋಪ ನಿಗದಿಗೆ ಮೊದಲೇ, ಆಧಾರ ಸಾಲದೆಂದು ನ್ಯಾಯಾಲಯ ಕೈಬಿಟ್ಟರೆ ಅದು ಆರೋಪದಿಂದ ಬಿಡುಗಡೆ. ಹೊಸ ಸಾಕ್ಷ್ಯ ಸಿಕ್ಕರೆ ಮತ್ತೆ ಕರೆಸಬಹುದು. ಸಾಕ್ಷಿಗಳ ವಿಚಾರಣೆ ಮುಗಿದು ತಪ್ಪಿಲ್ಲವೆಂದಾದರೆ ಖುಲಾಸೆ. ಖುಲಾಸೆಯ ತೀರ್ಪು ಮೇಲ್ಮನವಿಯಲ್ಲಿ ಬೀಳದ ಹೊರತು ಅದೇ ಅಪರಾಧಕ್ಕೆ ಮತ್ತೆ ವಿಚಾರಣೆಯಿಲ್ಲ. ಹೊರಬಂದಿದ್ದು ಹೇಗೆ ಎಂಬುದನ್ನು ಮೊದಲ ವಾಕ್ಯದಲ್ಲೇ ಹೇಳು.

ಸಿವಿಲ್ ದಾವೆಯಲ್ಲಿ ತೀರ್ಪು ಕಾರಣಗಳನ್ನು ಹೇಳುತ್ತದೆ. ಅದರ ಮೇಲೆ ತಯಾರಾಗುವ ಡಿಕ್ರಿ, ಯಾರಿಗೆ ಏನು ಸಲ್ಲಬೇಕೆಂದು ಹೇಳುತ್ತದೆ. ಗೆದ್ದವನಿಗೆ ಜಮೀನು ತಾನಾಗಿ ಬರುವುದಿಲ್ಲ, ಡಿಕ್ರಿಯನ್ನು ಜಾರಿ ಮಾಡಿಸಿಕೊಡಿ ಎಂದು ಅಮಲ್ಜಾರಿ ಅರ್ಜಿ ಹಾಕಬೇಕು. ಅದಕ್ಕೆ ಸಾಮಾನ್ಯವಾಗಿ 12 ವರ್ಷದ ಗಡುವು.

ಕ್ರಿಯಾಪದಗಳನ್ನೂ ನೋಡಿಕೋ. ತೀರ್ಪನ್ನು ಕಾಯ್ದಿರಿಸುತ್ತಾರೆ, ಪ್ರಕಟಿಸುತ್ತಾರೆ, ಆದೇಶ ಹೊರಡಿಸುತ್ತಾರೆ, ನಿರ್ಣಯ ಅಂಗೀಕರಿಸುತ್ತಾರೆ. ಅರ್ಜಿ ವಜಾ ಆದರೆ ಅರ್ಜಿದಾರ ಸೋತ. ಇತ್ಯರ್ಥವಾಯಿತು ಎಂದರೆ ಹಾಗಲ್ಲ: ‘ಅಧಿಕಾರಿ ಎಂಟು ವಾರದಲ್ಲಿ ಮನವಿ ಪರಿಶೀಲಿಸಲಿ’ ಎಂಬಂಥ ನಿರ್ದೇಶನದೊಂದಿಗೆ ಮುಗಿದಿರಬಹುದು. ವಿಶೇಷ ಮೇಲ್ಮನವಿ ಅರ್ಜಿಯನ್ನು ಸುಪ್ರೀಂ ಕೋರ್ಟ್ ಆರಂಭದಲ್ಲೇ, ಕಾರಣ ಹೇಳದೆ ವಜಾ ಮಾಡಿದರೆ ‘ಹೈಕೋರ್ಟ್ ತೀರ್ಪು ಎತ್ತಿಹಿಡಿಯಿತು’ ಎಂದು ಬರೆಯಬೇಡ. ಮೇಲ್ಮನವಿಗೆ ಅನುಮತಿ ನಿರಾಕರಿಸಿತು ಎಂದಷ್ಟೇ ಅದರ ಅರ್ಥ. 2000ದಲ್ಲಿಯೇ ಆ ನ್ಯಾಯಾಲಯ ಇದನ್ನು ಸ್ಪಷ್ಟಪಡಿಸಿದೆ.

ತೀರ್ಪಿನ ಪ್ರತಿ ಕೈಗೆ ಬಂದೊಡನೆ ಕೊನೆಯ ಪುಟ ತೆರೆ. ‘ಭಾಗಶಃ ಪುರಸ್ಕರಿಸಲಾಗಿದೆ’ ಎಂದಿದ್ದರೆ ಯಾವ ಭಾಗ ಎಂದು ಗುರುತು ಹಾಕಿಕೊಂಡು, ಆಮೇಲೆ ಶೀರ್ಷಿಕೆ ಕೊಡು. ಆ ಏಳು ಜಾಗಗಳಿಗೆ ಪೆನ್ಸಿಲ್ ಗೆರೆ ಎಳೆದಿದ್ದೇನೆ. ತಿದ್ದಿ ಕಳಿಸು.

ನಿನ್ನ ಅಣ್ಣ