ಛಲದ ಕತೆ ಸಾಕು, ಕ್ಯಾಮೆರಾ ಹಿಡಿದದ್ದು ಹೇಗೆಂದು ಬರೆಯಿರಿ

ಮಾನ್ಯರೇ,

ಅಂಗವಿಕಲ ಛಾಯಾಗ್ರಾಹಕರ ಬಗ್ಗೆ ಬರುವ ಲೇಖನಗಳಲ್ಲಿ ‘ಛಲ’, ‘ಆತ್ಮಸ್ಥೈರ್ಯ’ಗಳಿಗೆ ಬರವಿಲ್ಲ. ಒಂದೇ ಕೈಯಲ್ಲಿ ಲೆನ್ಸ್ ಬದಲಿಸುವುದು ಹೇಗೆ ಎಂಬ ಒಂದು ಸಾಲು ಮಾತ್ರ ಸಿಗದು. ಹೊಸದಾಗಿ ಕ್ಯಾಮೆರಾ ಕೊಳ್ಳಲು ಹೊರಟವರಿಗೆ ಬೇಕಿರುವುದು ಆ ಸಾಲೇ.

ಪ್ರಾಗ್ ನಗರದ ಛಾಯಾಗ್ರಾಹಕ ಯೋಸೆಫ್ ಸುಡೆಕ್ ಮೊದಲ ಮಹಾಯುದ್ಧದಲ್ಲಿ ಬಲಗೈ ಕಳೆದುಕೊಂಡವರು. ಆಮೇಲೆ ದಶಕಗಳ ಕಾಲ ಅವರು ಬಳಸಿದ್ದು ದೊಡ್ಡ ದೊಡ್ಡ ಕ್ಯಾಮೆರಾಗಳನ್ನು. ಒಂಟಿ ಕೈಗೆ ಅಷ್ಟು ಭಾರ ಯಾಕೆ ಎನ್ನಿಸಬಹುದು. ಆದರೆ ಅದು ಟ್ರೈಪಾಡ್ ಮೇಲೆ ಕೂರುತ್ತದೆ. ಫೋಕಸ್, ಅಪರ್ಚರ್ (ಬೆಳಕು ಒಳಬರುವ ಕಿಂಡಿ), ಷಟರ್ ಎಲ್ಲವನ್ನೂ ಒಂದಾದ ಮೇಲೊಂದು ಹೊಂದಿಸಬಹುದು. ಎರಡು ಕೈಯನ್ನೂ ಒಟ್ಟಿಗೇ ಕೇಳುವುದು ಪುಟ್ಟ ಕ್ಯಾಮೆರಾ.

1936ರ ಕಿನೆ ಎಕ್ಸಾಕ್ಟಾ ಎಂಬ ಕ್ಯಾಮೆರಾದಲ್ಲಿ ಷಟರ್ ಗುಂಡಿ ಎಡಕ್ಕಿತ್ತು. ಅದು ವಾಡಿಕೆಯಾಗಲಿಲ್ಲ, ಈಗ ಹಿಡಿಕೆ, ಗುಂಡಿ ಎಲ್ಲವೂ ಬಲಕ್ಕೇ. ಎಡಗೈ ಮಾತ್ರ ಇರುವವರು ಕ್ಯಾಮೆರಾವನ್ನು ತಲೆಕೆಳಗು ಮಾಡಿದರೆ ಹಿಡಿಕೆ ಎಡಕ್ಕೆ ಬರುತ್ತದೆ. ಗುಂಡಿಯನ್ನು ಹೆಬ್ಬೆರಳಿಂದಲೋ ಕಿರುಬೆರಳಿಂದಲೋ ಒತ್ತಬಹುದು, ಚಿತ್ರವನ್ನು ಆಮೇಲೆ ಕಂಪ್ಯೂಟರಿನಲ್ಲಿ ತಿರುಗಿಸಿದರಾಯಿತು. ಫ್ಲಾಶ್ ಮಾತ್ರ ಬೇಡ. ಅದು ಕೆಳಗಿಂದ ಹೊಡೆದು ಮೂಗಿನ ನೆರಳು ಹಣೆಯ ಕಡೆ ಏರಿ, ಎದುರಿದ್ದವರು ದೆವ್ವದಂತೆ ಕಾಣುತ್ತಾರೆ.

ಲೆನ್ಸಿನಡಿ ಇನ್ನೊಂದು ಕೈಯ ಆಸರೆ ಇಲ್ಲದ್ದರಿಂದ ಗುಂಡಿ ಒತ್ತಿದಾಗ ಗುಂಡಿಯ ಬದಿ ಜಗ್ಗುತ್ತದೆ. 50 ಎಂಎಂ ಲೆನ್ಸಿಗೆ ಸಾಮಾನ್ಯವಾಗಿ 1/60 ಸೆಕೆಂಡ್ ಷಟರ್ ವೇಗ ಸಾಕೆನ್ನುತ್ತಾರೆ. ಒಂದೇ ಕೈಯಾದರೆ 1/200ಕ್ಕಿಂತ ನಿಧಾನಕ್ಕೆ ಇಳಿಯದಿರುವುದು ಲೇಸು. ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ) ಏರಿಸಿ. ಅದರಿಂದ ಕಾಳುಕಾಳಾದ ಚಿತ್ರವನ್ನು ತಿದ್ದಬಹುದು, ಅಲುಗಿದ್ದನ್ನು ಆಗದು.

ಇನ್ನು ಲೆನ್ಸ್ ಬದಲಿಸುವುದು. ಕ್ಯಾಮೆರಾವನ್ನು ಟ್ರೈಪಾಡಿಗೆ ಬಿಗಿದು, ಮೂತಿ ತುಸು ಕೆಳಗೆ ಮಾಡಿ, ಅಡಿಯಲ್ಲಿ ಮಡಚಿದ ಬಟ್ಟೆ ಇಡಬೇಕು. ಮೂತಿ ಮೇಲಿದ್ದರೆ ಸೆನ್ಸರಿಗೆ ಧೂಳು. ಲೆನ್ಸ್ ಬಿಡಿಸುವ ಗುಂಡಿಯನ್ನು ಕೊನೆಯವರೆಗೂ ಒತ್ತಿಹಿಡಿಯಬೇಕೆಂದು ಹಲವರು ತಿಳಿದಿದ್ದಾರೆ, ಹಾಗೇನಿಲ್ಲ. ಹೆಬ್ಬೆರಳಲ್ಲಿ ಒತ್ತಿಕೊಂಡೇ ಉಳಿದ ಬೆರಳುಗಳಿಂದ ಲೆನ್ಸನ್ನು ಕೂದಲೆಳೆಯಷ್ಟು ತಿರುಗಿಸಿದರೆ ಕೊಂಡಿ ದಾಟುತ್ತದೆ. ಆಮೇಲೆ ಗುಂಡಿ ಬಿಟ್ಟು, ಇಡೀ ಅಂಗೈಯಲ್ಲಿ ಹಿಡಿದು ಬಿಚ್ಚಬಹುದು.

ಗಾಲಿಕುರ್ಚಿಯವರು ಕ್ಯಾಮೆರಾ ಕೂರಿಸುವ ಕ್ಲ್ಯಾಂಪನ್ನು ಕೈಯೊರಗಿನ ಮೆತ್ತೆಗೆ ಬಿಗಿಯಬಾರದು, ಅದು ತಿರುಗುತ್ತದೆ. ಚೌಕಟ್ಟಿನ ಕೊಳವೆಗೇ ಬಿಗಿಯಬೇಕು. ಕ್ಲ್ಯಾಂಪಿನ ತೋಳು ಉದ್ದವಾದಷ್ಟೂ ಭಾರಕ್ಕೆ ನಿಧಾನವಾಗಿ ಬಾಗಿ ದಿಗಂತ ಓರೆಯಾಗುತ್ತದೆ. ಕೂತವರ ಕಣ್ಣು ಸುಮಾರು 120 ಸೆಂ.ಮೀ. ಎತ್ತರದಲ್ಲಿರುವುದರಿಂದ ನಿಂತವರನ್ನು 35 ಎಂಎಂ ಲೆನ್ಸಿನಲ್ಲಿ ಹತ್ತಿರದಿಂದ ತೆಗೆದರೆ ಮೂಗಿನ ಹೊಳ್ಳೆಯೇ ಮುಂದು. ಹಿಂದೆ ಸರಿದು 85 ಎಂಎಂ ಹಾಕಿದರೆ ಮುಖ ಸರಿಹೋಗುತ್ತದೆ. ಮಕ್ಕಳ ಚಿತ್ರಕ್ಕಂತೂ ಇದೇ ಎತ್ತರ ಸರಿ, ನಿಂತವರು ಮಂಡಿಯೂರಿ ಪಡೆಯುವ ಕೋನವಿದು.

ಮುಂದಿನ ಬಾರಿ ಇಂಥವರೊಬ್ಬರ ಬಗ್ಗೆ ಬರೆಯುವಾಗ ಪದಕ ಹಿಡಿದು ನಗುವ ಚಿತ್ರದ ಬದಲು, ಕ್ಲ್ಯಾಂಪು ಕಾಣುವ ಚಿತ್ರ ಹಾಕಿ.

– ಕೆಲವು ಛಾಯಾಗ್ರಾಹಕರು