ಶೀನನಿಗೊಂದು ಪತ್ರ: ಅದು ಗ್ಯಾಸ್ಟ್ರಿಕ್ ಆಗಿರಲಿಲ್ಲ

ಪ್ರಿಯ ಶೀನ,

ನಿನ್ನ ತಂಗಿಯ ನಿಶ್ಚಿತಾರ್ಥಕ್ಕೆ ನಾನು ಬರಲಿಲ್ಲವೆಂದು ನೀನು ಮುನಿಸಿಕೊಂಡಿರುವ ಸುದ್ದಿ ನಾಲ್ಕು ಬಾಯಿ ದಾಟಿ ಬಂದು ತಲುಪಿತು. ಗ್ಯಾಸ್ಟ್ರಿಕ್ ಎಂದು ನಮ್ಮ ಮನೆಯವರು ಹೇಳಿದ್ದು ಸುಳ್ಳು. ನನ್ನ ಬಲ ಅಂಡಾಶಯದ ಸಿಸ್ಟ್, ಅಂದರೆ ದ್ರವ ತುಂಬಿದ ಗುಳ್ಳೆ, ಒಡೆದಿತ್ತು. ಹತ್ತು ಜನ ಓದುವ ಜಾಗದಲ್ಲೇ ಬರೆಯುತ್ತಿದ್ದೇನೆ, ನಿನ್ನ ಕಿವಿ ಕೆಂಪಾದರೆ ಆಗಲಿ. ಹುಬ್ಬಳ್ಳಿ ಬಸ್ಸಿನ ಆ ಕೋಳಿಯನ್ನು ಸಹಿಸಿದವನು, ಇದನ್ನೂ ಸಹಿಸಿಕೊ.

ಬಟ್ಟೆ ಹಿಂಡಿ ತಂತಿಗೆ ಹಾಕುತ್ತಿದ್ದಾಗ ಕಿಬ್ಬೊಟ್ಟೆಯ ಬಲಗಡೆ ಚಳುಕು ಹೊಡೆಯಿತು. ಬಕೆಟ್ ಪಕ್ಕದಲ್ಲೇ ಕುಸಿದು ಕುಳಿತೆ. ಅಮ್ಮ ಓಮದ ನೀರು ಕುಡಿಸಿದಳು, ಪಕ್ಕದ ಮನೆಯ ಅಜ್ಜಿ ದೃಷ್ಟಿ ತೆಗೆದರು, ಡ್ಯೂಟಿ ಡಾಕ್ಟರು ಅಪೆಂಡಿಕ್ಸ್ ಇರಬಹುದೆಂದರು. ಸ್ಕ್ಯಾನಿಂಗ್ ಮಾಡಿದರೆ ಗರ್ಭಕೋಶದ ಹಿಂದೆ ರಕ್ತ ನಿಂತಿತ್ತು. ಅಂಡ ಹೊರಬರಲು ತಿಂಗಳಿಗೊಮ್ಮೆ ಅದನ್ನು ಹೊತ್ತ ಸುಮಾರು 2 ಸೆಂಟಿಮೀಟರಿನ ಪುಟ್ಟ ಚೀಲವೊಂದು (ಕೋಶಕ) ಒಡೆಯಲೇಬೇಕಂತೆ. ಒಡೆದ ಜಾಗ ಮುಚ್ಚಿಕೊಂಡು, ಒಳಗೆ ರಕ್ತ ತುಂಬಿ ಉಬ್ಬಿ, ಮುಟ್ಟಿಗೆ ವಾರವಿದೆ ಎನ್ನುವಾಗ ಇನ್ನೊಮ್ಮೆ ಒಡೆದರೆ ನನ್ನ ಕಥೆ. ಬಹುತೇಕರಿಗೆ ನೋವಿನ ಮಾತ್ರೆ, ವಿಶ್ರಾಂತಿ ಸಾಕು. ಆದರೆ ತಲೆ ಸುತ್ತಿ ಬಿದ್ದರೆ, ಭುಜದ ತುದಿ ನೋಯತೊಡಗಿದರೆ ತಡಮಾಡಬಾರದು. ಒಳಗೆ ರಕ್ತ ಹರಿಯುತ್ತಿರಬಹುದು, ಆಪರೇಷನ್ ಬೇಕಾಗಬಹುದು. ಹೊಟ್ಟೆಯ ರಕ್ತಕ್ಕೆ ಭುಜ ನೋಯುವುದಂತೆ! ದೇಹಕ್ಕೂ ವಿಳಾಸ ತಪ್ಪುತ್ತದೆ.

ಇಷ್ಟಕ್ಕೆ ಮುಗಿಸಬೇಕೆಂದಿದ್ದೆ. ಸ್ಕ್ಯಾನಿಂಗ್‌ಗೆ ಮೊದಲು ಮೂತ್ರ ಪರೀಕ್ಷೆ ಬರೆದುಕೊಟ್ಟರು. ಗರ್ಭನಾಳದಲ್ಲಿ ಗರ್ಭ ನಿಂತು ಒಡೆದರೂ ಇಂಥದ್ದೇ ನೋವು, ಅದಲ್ಲವೆಂದು ಖಾತ್ರಿಯಾಗಬೇಕು. ನ್ಯಾಯವಾದ ಪರೀಕ್ಷೆಯೇ. ಆದರೆ ನರ್ಸ್ ‘ಮದುವೆಯಾಗಿದೆಯೇ?’ ಎಂದು ಕೇಳಿದ್ದು ನನ್ನನ್ನಲ್ಲ, ಅಮ್ಮನನ್ನು. ನೆಗೆಟಿವ್ ಎಂದಾಗ ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ನನಗೆ ಏನಾಗಿದೆಯೆಂದು ತಿಳಿಯುವ ಮೊದಲೇ ಅವಳ ಪಾಲಿಗೆ ನಾನು ಅರ್ಧ ಗುಣವಾಗಿದ್ದೆ. ಸಿಟ್ಟು ಬಂತು, ಶೀನ. ಆದರೆ ಆ ರಿಪೋರ್ಟಿಗೆ ಕಾಯುವಾಗ ಹೊದಿಕೆಯೊಳಗೆ ನಾನೂ ಬೆರಳು ಮಡಚಿ ದಿನ ಎಣಿಸುತ್ತಿದ್ದೆ. ನೋವಿಗಿಂತ ಆ ಲೆಕ್ಕಕ್ಕೇ ಹೆಚ್ಚು ಹೆದರಿದ್ದೆ.

ಈ ಸಾಲು ಅಳಿಸಬೇಕು. ಇರಲಿ ಬಿಡು, ಅತ್ತೆಯಂದಿರು ಓದಿದರೆ ನಾನು ಚೀಟಿಯ ಕಂತು ಎಣಿಸುತ್ತಿದ್ದೆ ಎಂದುಕೊಳ್ಳಲಿ.

ಆರೆಂಟು ವಾರ ಬಿಟ್ಟು ಮತ್ತೊಮ್ಮೆ ಸ್ಕ್ಯಾನಿಂಗ್ ಇದೆ. ಹೊಟ್ಟೆ ತುಂಬ ನೀರು ಕುಡಿದು, ಮೂತ್ರ ತಡೆದುಕೊಂಡು ಸರದಿಯಲ್ಲಿ ಕೂರಬೇಕು. ಆ ದಿನ ದಯವಿಟ್ಟು ಜೋಕು ಕಳಿಸಬೇಡ, ಅನಾಹುತವಾದೀತು. ನಿಶ್ಚಿತಾರ್ಥದ ಹೋಳಿಗೆ ಉಳಿದಿದ್ದರೆ ಅದನ್ನು ಕಳಿಸು.

ಇಂತಿ,
ನಿನ್ನ ಕಂಡಕ್ಟರಮ್ಮ